ಹೊನ್ನಂಗಳದ ಬಾಗಿಲು

“ಗುರುಗಳೇ, ಒಳಗಿನವರು ಮಾತ್ರ ಕರೆಯುವ ಹೆಸರಿಗೆ ಹೊರಗಿನವರ ಹಂಗೇಕೆ?” ಎಂದು ಚನ್ನವೀರ ಕೇಳಿದ.

ಅವನದು ಔಷಧಿಗಳ ಸಗಟು ವ್ಯಾಪಾರ. ಅಂಗಡಿಯ ಕಂಪ್ಯೂಟರುಗಳನ್ನೆಲ್ಲ ಒಂದು ಜಾಲದಲ್ಲಿ ಸೇರಿಸಿ, ಆ ಜಾಲಕ್ಕೆ ಬಾಯಿಗೆ ಬಂದ ಹೆಸರೊಂದನ್ನು ಇಟ್ಟು ಬಂದಿದ್ದ. ಅದನ್ನು ತನ್ನದೆಂದು ಅಂತರ್ಜಾಲದ ಹೆಸರುಪಟ್ಟಿಯಲ್ಲಿ ನೋಂದಾಯಿಸಿರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ಕಳ್ಳರ ಭಯ ಅವನಿಗೆ. ಕಂಡ ಹಗ್ಗವೆಲ್ಲ ಹಾವು. ದಾರಿಯಲ್ಲಿ ತನ್ನ ಹೆಸರು ಯಾರ ಬಾಯಲ್ಲೂ ಬರಕೂಡದೆಂದು ಕಟ್ಟಪ್ಪಣೆ ಮಾಡಿದ. ಎತ್ತರದ ಗೋಡೆಯೊಳಗಿದ್ದ ತನ್ನ ಮನೆಗೆ ಹೊನ್ನಂಗಳ ಎಂದು ಗುಟ್ಟಿನ ಹೆಸರಿಟ್ಟ.

ಹೆಂಡತಿ ಹೇಳಿದಳು: “ಊರೆಲ್ಲ ಬಲ್ಲ ಮನೆತನದ ಹೆಸರಿದೆಯಲ್ಲ. ಇದನ್ನೂ ಅದಕ್ಕೇ ಸೇರಿಸಿ ಕರೆಯಿರಿ. ಆಗ ಇದು ನಮ್ಮದಾಗಿ ಉಳಿಯುತ್ತದೆ.”

“ಗೋಡೆಯೊಳಗಿನ ಹೆಸರಿಗೆ ಯಾರ ಸಾಕ್ಷಿ ಬೇಕು?” ಎಂದು ವರ್ತಕ ನಕ್ಕ.

ಗೋಡೆಯೊಳಗೆ ಎಲ್ಲ ನೆಟ್ಟಗೇ ನಡೆಯಿತು. ಆದರೆ ನಾಲಿಗೆಗೆ ಗೋಡೆ ಎಲ್ಲಿದೆ? ಸರಕು ಹೊತ್ತು ಹೊರಗೆ ಹೋದ ಆಳುಗಳು ದಾರಿ ತಪ್ಪಿದಾಗ ಅದೇ ಹೆಸರು ಹೇಳಿ ವಿಚಾರಿಸುತ್ತಿದ್ದರು. ಹೊಳೆ ದಾಟುವ ಕಡವಿನಲ್ಲಿ ಕೂತಿದ್ದ ಒಬ್ಬ ಅದನ್ನು ಕೇಳಿಸಿಕೊಂಡ. ಮತ್ತೆ ಮತ್ತೆ ಕೇಳಿಸಿಕೊಂಡ. ಕೊನೆಗೆ ಅಲ್ಲೇ ಒಂದು ಮನೆ ಕಟ್ಟಿ, ಗೌಡನ ಚಾವಡಿಯಲ್ಲಿ ಅದಕ್ಕೆ ಹೊನ್ನಂಗಳ ಎಂದು ಹೆಸರು ಬರೆಸಿದ. ಈ ಹೆಸರಿನ ಮನೆ ಬೇರೆ ಉಂಟೇ ಎಂದು ಗೌಡ ಕೇಳಿದ. ಗುಟ್ಟಿನ ಹೆಸರು ನೋಡು, ಉಂಟು ಎನ್ನುವವರು ಯಾರೂ ಇರಲಿಲ್ಲ.

ವರ್ತಕನ ಮಗಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಹೊರಟಳು. ಪಲ್ಲಕ್ಕಿ ಹೊತ್ತವರು ಅತ್ತೆಮನೆಯ ಕಡೆಯವರು. ದಾರಿ ಅರಿಯರು, ವರ್ತಕನ ಹೆಸರು ಎತ್ತುವಂತಿಲ್ಲ. ‘ಹೊನ್ನಂಗಳ ಎಂದು ಕೇಳಿಸುವವರೆಗೆ ಪರದೆ ಸರಿಸಬೇಡ’ ಎಂದು ತಂದೆ ಮಗಳಿಗೆ ಹೇಳಿ ಕಳಿಸಿದ್ದ. ಕಡವಿನಲ್ಲಿ ಅವರು ಆ ಹೆಸರು ಹೇಳಿದರು. ಎದುರಿನ ಬಾಗಿಲು ತೆರೆಯಿತು.

“ಇದೇ ಹೊನ್ನಂಗಳ. ಬಾ ತಾಯಿ, ನಿನ್ನ ದಾರಿಯನ್ನೇ ಕಾಯುತ್ತಿದ್ದೇವೆ.”

ತಂದೆಯ ಮಾತು ನೆನೆದು ಅವಳು ಪರದೆ ಸರಿಸಿದಳು. ಕತ್ತಲಲ್ಲಿ ಗುರುತು ಹತ್ತದೆ ಇಳಿದು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಹೊತ್ತವರು ಮರಳಿ, ಹೊನ್ನಂಗಳಕ್ಕೆ ಮುಟ್ಟಿಸಿದೆವು ಎಂದರು. ಅತ್ತೆಮನೆ ನಿಶ್ಚಿಂತವಾಯಿತು. ಇತ್ತ ತಾಯಿ ಬಾಣಂತಿ ಕೋಣೆಯನ್ನು ಸಾರಿಸಿ ಕಾಯುತ್ತಲೇ ಇದ್ದಳು. ಅಳಿಯ ಹಣ್ಣು ಹಿಡಿದು ಹೆಂಡತಿಯನ್ನು ನೋಡಲು ಬಂದ ದಿನ ಅವಳು ತವರಿಗೆ ಬಂದೇ ಇಲ್ಲವೆಂದು ತಿಳಿಯಿತು. ಹೊತ್ತವರನ್ನು ವಿಚಾರಿಸಿ ಎಲ್ಲರೂ ಕಡವಿಗೆ ಓಡಿದರು. ಮನೆ ಇತ್ತು. ಬಾಗಿಲ ಮೇಲೆ ಹೆಸರೂ ಇತ್ತು. ಒಳಗೆ ಯಾರೂ ಇರಲಿಲ್ಲ.

ಗುರುಗಳು ಕಥೆ ಮುಗಿಸಿದರು. ಚನ್ನವೀರನಿಗೆ ಹೆದರಿಕೆಯಾಯಿತು. ಆದರೂ ಬಾಯಿ ಬಿಟ್ಟ: “ನನ್ನ ಮನೆಯಿಂದ ಪಲ್ಲಕ್ಕಿ ಹೊರಡುವುದಿಲ್ಲ, ಗುರುಗಳೇ. ನನ್ನದು ಬರೀ ಯಂತ್ರಗಳು.”

“ಸಂಜೆ ನಿನ್ನ ನೌಕರರು ಚೀಲದಲ್ಲಿ ಮನೆಗೊಯ್ದ ಯಂತ್ರಗಳು, ನಿನ್ನ ಅಂಗಡಿಯ ಗುಪ್ತಪದಗಳೆಂಬ ಕೀಲಿ ಹಿಡಿದು, ಈಗ ಹೊರಗಿನ ಜಾಲದಲ್ಲಿ ಯಾರ ಬಾಗಿಲಲ್ಲಿ ನಿಂತು ಆ ಹೆಸರು ಕೂಗುತ್ತಿವೆ, ಚನ್ನವೀರ?”