ಮೋಡ ಕಲಿತ ಆಟ

ಚಪಲಕನೆಂಬ ಕೋತಿಗೆ ಕುದುರೆ ಓಡಿಸುವ ವಿಡಿಯೋ ಗೇಮ್ ಎಂದರೆ ಪ್ರಾಣ. ಅವನ ಆಟದ ಪೆಟ್ಟಿಗೆ ಕೆಟ್ಟು ಮೂಲೆ ಸೇರಿದಾಗ ಮೋಡವೊಂದು ಕಿಟಕಿಗೆ ಬಂದು, "ಪೆಟ್ಟಿಗೆ ಯಾಕಪ್ಪಾ? ಆಟ ನನ್ನ ಹತ್ತಿರವೇ ಇರಲಿ. ನೀನು ಗುಂಡಿ ಒತ್ತು, ಚಿತ್ರವನ್ನು ನಾನು ಕಳಿಸುತ್ತೇನೆ," ಎಂದಿತು.

ಚಪಲಕ ಒಪ್ಪಿದ. ಆದರೆ ಅವನ ಅಪ್ಪಣೆ ಮೋಡದವರೆಗೆ ಹೋಗಿ ತಲುಪುವಷ್ಟರಲ್ಲಿ ಕುದುರೆ ಹಳ್ಳಕ್ಕೆ ಬಿದ್ದಿರುತ್ತಿತ್ತು.

"ನಿನ್ನ ಸಹವಾಸ ಸಾಕು," ಎಂದು ಅವನು ಎದ್ದ.

"ಹೋಗಬೇಡ. ನೀನು ಯಾವಾಗ ಏನು ಒತ್ತುತ್ತೀಯ ಎಂಬುದನ್ನು ಕಲಿತುಕೊಳ್ಳುತ್ತೇನೆ. ಆಮೇಲೆ ತಡವೆಂಬುದೇ ಇರುವುದಿಲ್ಲ," ಎಂದು ಮೋಡ ಬೇಡಿಕೊಂಡಿತು.

ಮೋಡ ಮಾತು ಉಳಿಸಿಕೊಂಡಿತು. ಕುದುರೆ ಅವನ ಬೆರಳಿನ ಜೊತೆಜೊತೆಗೇ ಜಿಗಿಯತೊಡಗಿತು. ಚಪಲಕ ಗೆದ್ದ, ಮತ್ತೆ ಗೆದ್ದ, ಎದ್ದು ಕುಣಿದ. ಕುಣಿಯುತ್ತಾ ತಿರುಗಿ ನೋಡಿದರೆ, ಯಾರೂ ಒತ್ತದಿದ್ದರೂ ಕುದುರೆ ಹಳ್ಳ ದಾಟುತ್ತಿತ್ತು. ಅವನು ಯಾವಾಗಲೂ ದಾಟಿಸುವ ಹಾಗೆಯೇ, ತುಸು ಎಡಕ್ಕೆ ವಾಲಿಕೊಂಡು.

ಅವನು ಕುಣಿತ ನಿಲ್ಲಿಸಿದ. "ಆಡುತ್ತಿರುವುದು ಯಾರು?"

"ನೀನೇ," ಎಂದಿತು ಮೋಡ.

"ಹಾಗಾದರೆ ಈ ಸಲ ಬಲಕ್ಕೆ ಹೋಗುತ್ತೇನೆ!" ಎಂದು ಮನಸ್ಸಿನಲ್ಲೇ ಅಂದುಕೊಂಡು ಅವನು ಕೈ ಚಾಚಿದ. ಬೆರಳು ಗುಂಡಿಗೆ ತಾಗುವ ಮೊದಲೇ ಕುದುರೆ ಬಲಕ್ಕೆ ಹೊರಳಿತು.

ಚಪಲಕ ಚೀರಿ, ವೈರು ಕಿತ್ತೆಸೆದು ಕಿಟಕಿ ಮುಚ್ಚಿದ. ಆಟದ ಪರದೆ ಕಪ್ಪಾಯಿತು. ಮೂಲೆಯಲ್ಲಿ ಮುದುರಿ ಕೂತ.

ಆಗ ಪಕ್ಕದ ಮರದಲ್ಲಿ ಅದೇ ಮೋಡದ ಆಟ ಆಡುತ್ತಿದ್ದ ಅಳಿಲೊಂದು ಖುಷಿಯಿಂದ ಕೂಗಿತು: "ಅಣ್ಣಾ, ನಿನ್ನ ಜೊತೆ ಆಡುವುದೇ ಒಂದು ಚೆಂದ! ನೋಡು, ಮತ್ತೆ ನನ್ನನ್ನು ಸೋಲಿಸಿಬಿಟ್ಟೆ!"

ಚಪಲಕ ತನ್ನ ಖಾಲಿ ಕೈಗಳನ್ನು ನೋಡಿಕೊಂಡ.