ಪಟದ ಹಿಂದಿನ ರಟ್ಟು

“ಗುರುಗಳೇ, ಸಂತೆಯಲ್ಲಿ ಅಗ್ಗದ ಪಟಗಳನ್ನು ಕೊಂಡು, ನಾನೇ ಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಿದ್ದೇನೆ. ಇದ್ದುದರಲ್ಲೇ ಮನೆಯನ್ನು ಚೆಂದ ಮಾಡಿಕೊಳ್ಳುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

“ತಪ್ಪೇನಿಲ್ಲ. ಪಟದ ಹಿಂದೆ ಯಾವ ರಟ್ಟು ಹಾಕುತ್ತೀಯ?” ಎಂದರು ಗುರುಗಳು.

“ಮನೆಯಲ್ಲಿ ಕೈಗೆ ಸಿಕ್ಕಿದ್ದು.”

ಗುರುಗಳು ಈ ಕತೆ ಹೇಳಿದರು.

ಒಬ್ಬ ದರ್ಜಿಗೆ ಪಟಗಳ ಹುಚ್ಚು. ಹಳೆಯ ಕ್ಯಾಲೆಂಡರಿನ ನವಿಲು, ಸುರುಳಿ ಸುತ್ತಿ ಮಾರುವ ಜಲಪಾತ, ಯಾವುದನ್ನೂ ಬಿಡುತ್ತಿರಲಿಲ್ಲ. ಪಟವೇನೋ ಅಗ್ಗ, ಕಟ್ಟು ಹಾಕಿಸುವುದು ದುಬಾರಿ. ಹಾಗಾಗಿ ಆ ಕೆಲಸವನ್ನೂ ತಾನೇ ಕಲಿತ. ಬಡಗಿ ಎಸೆದ ಮರದ ಪಟ್ಟಿ ಆರಿಸಿ ತಂದ, ಹಳೆಯ ಕಿಟಕಿಯ ಗಾಜು ಕತ್ತರಿಸಿದ, ಮೈದಾ ಕುದಿಸಿ ಅಂಟು ಮಾಡಿದ. ಬಟ್ಟೆ ಅಂಗಡಿಯ ಪೆಟ್ಟಿಗೆಗಳು ರಟ್ಟಾದವು. ಪ್ರತಿ ಪಟ ಗೋಡೆಗೇರಿದಾಗಲೂ ಅವನ ಹೆಂಡತಿ ಗುಂಡಿ ಹೊಲಿಯುವುದನ್ನು ನಿಲ್ಲಿಸಿ, “ಎಡಕ್ಕೆ ವಾಲಿದೆ ಕಣ್ರೀ” ಎನ್ನುತ್ತಿದ್ದಳು. ಅವನು ಸರಿಮಾಡುತ್ತಿದ್ದ.

ಒಮ್ಮೆ ಹಿಮಪರ್ವತದ ದೊಡ್ಡ ಪಟ ಸಿಕ್ಕಿತು. ಪೆಟ್ಟಿಗೆಯ ರಟ್ಟು ಅದಕ್ಕೆ ತಾಳದೆ ಬಾಗಿತು. ದರ್ಜಿ ಟ್ರಂಕು ತಡಕಿ ದಪ್ಪನೆಯ ರಟ್ಟೊಂದನ್ನು ತೆಗೆದ. ಅದು ಅವರ ಮದುವೆಯ ವಾರ ಸ್ಟುಡಿಯೋದಲ್ಲಿ ತೆಗೆಸಿ, ರಟ್ಟಿಗೆ ಅಂಟಿಸಿಕೊಟ್ಟ ಫೋಟೋ. ಅವನು ಕುರ್ಚಿಯಲ್ಲಿ, ಅವಳು ಪಕ್ಕದಲ್ಲಿ ನಿಂತು. ಅವಳದು ಅಂತ ಇದ್ದ ಫೋಟೋ ಅದೊಂದೇ.

“ಅಯ್ಯೋ, ಅದ್ರಲ್ಲಿ ನಾನಿದೀನಿ ಕಣ್ರೀ.”

“ನೀನು ಇಲ್ಲೇ ಇದೀಯಲ್ಲೇ, ಫೋಟೋ ಯಾಕೆ?”

ಅವಳು ನಕ್ಕುಬಿಟ್ಟಳು. ಪುಣ್ಯಾತ್ಮ ಅದನ್ನೇ ಒಪ್ಪಿಗೆ ಅಂದುಕೊಂಡ. ರಟ್ಟಿನ ಹಿಂಬದಿ ಬೂಸಲು ಹಿಡಿದು ಒರಟಾಗಿತ್ತು. ಅದಕ್ಕೇ ಮುಂಬದಿಗೆ, ಅವಳ ಮುಖದ ಮೇಲೆಯೇ, ಅಂಟು ಬಳಿದು ಹಿಮಪರ್ವತವನ್ನು ಕೂರಿಸಿದ. ಪಟ ಒಂದಿಷ್ಟೂ ಬಾಗಲಿಲ್ಲ.

ಎಂಟು ವರ್ಷದ ಮೇಲೆ ಅವಳು ಜ್ವರ ಬಂದು ತೀರಿಕೊಂಡಳು. ಹನ್ನೊಂದನೆಯ ದಿನ ಬಂಧುಗಳು ಹೂವಿನ ಹಾರ ತಂದು ಫೋಟೋ ಕೇಳಿದರು. ದರ್ಜಿ ಹಿಮಪರ್ವತವನ್ನು ಕೆಳಗಿಳಿಸಿ ಗಾಜು ಬಿಚ್ಚಿದ. ನೀರಿನಲ್ಲಿ ನೆನೆಸಿ, ಬೆರಳ ತುದಿಯಿಂದ ಮೆಲ್ಲಗೆ ಬಿಡಿಸಿದ. ಪರ್ವತ ಎದ್ದು ಬಂತು. ಅದರ ಜೊತೆಗೆ ಅವಳೂ ಎದ್ದು ಬಂದು ಅವನ ಕೈಯಲ್ಲೇ ಮುದ್ದೆಯಾದಳು. ರಟ್ಟಿನ ಮೇಲೆ ಕುರ್ಚಿ ಉಳಿಯಿತು. ಕುರ್ಚಿಯಲ್ಲಿ ಮದುವೆಯ ಕೋಟು ತೊಟ್ಟ ಅವನೊಬ್ಬನೇ ಉಳಿದ. ಪಕ್ಕದಲ್ಲಿ ಬರೀ ಬಿಳಿ ಕಲೆ.

ಬದುಕಿದ್ದವನ ಫೋಟೋಗೆ ಹಾರ ಹಾಕುವಂತಿರಲಿಲ್ಲ. ಹಾರ ತಟ್ಟೆಯಲ್ಲೇ ಬಾಡಿತು. ಬಂಧುಗಳು ಹೋದ ಮೇಲೆ ಅವನು ಖಾಲಿ ಕಟ್ಟನ್ನೇ ಮೊಳೆಗೆ ಸಿಕ್ಕಿಸಿದ. ಅದು ಎಡಕ್ಕೆ ವಾಲಿತು. ಹೇಳುವವರು ಯಾರೂ ಇರಲಿಲ್ಲ. ವರ್ಷಗಳು ಕಳೆದಂತೆ ಆ ಮುಖ ಅವನ ನೆನಪಿನಲ್ಲೂ ಮಸುಕಾಯಿತು. ಗೋಡೆಯ ನವಿಲು ಮಾತ್ರ ಹೊಸದರಂತೆಯೇ ಇತ್ತು.

ಕತೆ ಮುಗಿಯಿತು. ಶಿಷ್ಯ ನಿಟ್ಟುಸಿರು ಬಿಟ್ಟು, “ಸದ್ಯ, ನಾನು ಅಂಥ ಯಾವ ಫೋಟೋವನ್ನೂ ರಟ್ಟಾಗಿ ಬಳಸಿಲ್ಲ, ಗುರುಗಳೇ” ಎಂದ.

“ನಿನ್ನ ಮನೆಯಲ್ಲಿ ‘ಇಲ್ಲೇ ಇದ್ದಾರಲ್ಲ’ ಅನ್ನಿಸಿಕೊಂಡವರು ಯಾರೂ ಇಲ್ಲವೇ?” ಎಂದರು ಗುರುಗಳು.

ಶಿಷ್ಯ ಎದ್ದು ಮನೆಯ ದಾರಿ ಹಿಡಿದ.