ನಿಲ್ಲಲು ಕಲಿತ ನಾಯಿ

ಒಳಗೆ ಕೂತು ಎಲ್ಲವನ್ನೂ ಕಾಣುವ ಪರಶಿವನಿಗೆ ಶರಣು. ಕಾಣಿಸಿಕೊಳ್ಳಲು ಅಂಜುವ ನಮ್ಮನ್ನೂ ಬಿಡದೆ ಕಾಯುವ ಅವನ ಕರುಣೆಗೆ ಶರಣು. ಹೇಳುವುದರಲ್ಲಿ ತಪ್ಪಿದರೆ ನಾಲಿಗೆ ನನ್ನದು. ಕೇಳಿದವರಿಗೆ ಒಳಿತಾದರೆ ಮಾತು ಅವನದು.

“ಬುದ್ಧಿ, ಜಪಕ್ಕೆ ಕೂತಾಗ ನನ್ನೆದುರು ಯಾರೋ ಬಂದು ನಿಲ್ಲುತ್ತಾರೆ. ಕಣ್ಣು ಬಿಟ್ಟರೆ ಯಾರೂ ಇಲ್ಲ. ಮುಚ್ಚಿದರೆ ಮತ್ತೆ ಅಲ್ಲೇ. ಮಾತಿಲ್ಲ, ಅಲುಗಾಟವಿಲ್ಲ. ಅದು ಯಾರು? ಅದನ್ನು ಕಳಿಸುವುದು ಹೇಗೆ?”

ಗುರುಗಳನ್ನು ಹೀಗೆ ಕೇಳಿದವನು ಗುರುಪಾದ, ಮಠದ ಶಿಷ್ಯ. ಬರುವ ಸೋಮವಾರ ಅವನಿಗೆ ಸನ್ಯಾಸ ದೀಕ್ಷೆ ಎಂದು ನಿಶ್ಚಯವಾಗಿತ್ತು. ದೀಕ್ಷೆಯ ಮಾತು ಬಂದಾಗಲೆಲ್ಲ ಅವನು ಜೋರಾಗಿ ನಗುತ್ತಿದ್ದ; ನಗು ಮುಗಿಯುವುದರೊಳಗೆ ಯಾವುದೋ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದ. ಮಠದವರು ಅದನ್ನು ಸಂತೋಷವೆಂದೇ ತಿಳಿದಿದ್ದರು.

ಗುರುಗಳು ಅವನನ್ನು ನೋಡಿದರು.

“ವಿಭೂತಿ ಮಂತ್ರಿಸಿ ಕೊಟ್ಟರೆ ಸಾಕು ಬುದ್ಧಿ” ಎಂದ ಗುರುಪಾದ.

“ಕೊಡೋಣ. ಅದಕ್ಕೆ ಮೊದಲು ಒಂದು ಬೇಟೆನಾಯಿಯ ಕತೆ ಕೇಳು.”

“ಮಠದಲ್ಲಿ ಬೇಟೆಯ ಕತೆಯೇ ಬುದ್ಧಿ?”

“ಬೇಟೆಯಾಡುವವರ ಊರಿನಲ್ಲೂ ಶಿವನೇ ಇದ್ದಾನಪ್ಪ. ಕೇಳು.”

ಗುರುಗಳು ಹೇಳಿದ ಕತೆ ಇದು.

ಒಬ್ಬ ಹತ್ತಿಯ ವ್ಯಾಪಾರಿ ಇದ್ದ. ಅವನ ಬಲಪಕ್ಕೆಯ ಕೆಳಗೆ ಒಂದು ನೋವು ಹುಟ್ಟಿತು. ಯಾರಿಗೂ ಹೇಳದೆ ಪರವೂರಿನ ವೈದ್ಯನ ಬಳಿ ಹೋದ. ವೈದ್ಯ ಬೆರಳಿಟ್ಟು ಒತ್ತಿದ, ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಹೇಳಿದ: “ಇದನ್ನು ಹೀಗೇ ಬಿಡುವ ಹಾಗಿಲ್ಲ. ಮನೆಯವರನ್ನು ಕರೆದುಕೊಂಡು ಬನ್ನಿ, ಕೂತು ಮಾತಾಡೋಣ.”

ವ್ಯಾಪಾರಿ ಆಗಲಿ ಎಂದು ಬಂದ. ಬಂದವನು ಹೆಂಡತಿಗೆ ಹೇಳಲಿಲ್ಲ. ವೈದ್ಯನ ಬಳಿಗೆ ಮತ್ತೆ ಹೋಗಲೂ ಇಲ್ಲ. ಅಂದು ಬೆವರಿನಲ್ಲಿ ತೊಯ್ದಿದ್ದ ಶಲ್ಯವನ್ನು ಬಂಡಿಯ ಹಾಸಿನ ಕೆಳಗೆ ತುರುಕಿ ಬರಿ ಹೆಗಲಲ್ಲಿ ಮನೆಯೊಳಗೆ ಹೋದ. ಆ ದಿನದಿಂದ ಅವನು ಎಲ್ಲರೊಡನೆ ಹೆಚ್ಚು ನಗತೊಡಗಿದ. ಮನೆಯಲ್ಲಿ ಕೂರುವುದು ಕಷ್ಟವಾಯಿತು. ಹೊರಗೆ ತಿರುಗಲು ಒಂದು ನೆಪ ಬೇಕಾಗಿತ್ತು. ಒಂದು ಕೋವಿ ಕೊಂಡ. ಒಳ್ಳೆಯ ಜಾತಿಯ ಎಳೆಯ ಬೇಟೆನಾಯಿಯನ್ನೂ ತಂದ.

ನಾಯಿ ಚುರುಕಾಗಿತ್ತು, ಆದರೆ ತಾಳ್ಮೆ ಇರಲಿಲ್ಲ. ಹುಲ್ಲಿನಲ್ಲಿ ಗೌಜುಗ ಹಕ್ಕಿಯ ವಾಸನೆ ಸಿಕ್ಕಿದೊಡನೆ ನುಗ್ಗುತ್ತಿತ್ತು. ಯಜಮಾನ ಕೋವಿ ಎತ್ತುವುದರೊಳಗೆ ಹಕ್ಕಿಗಳು ಹಾರಿ ಹೋಗುತ್ತಿದ್ದವು. ನಾಯಿಯನ್ನು ಪಳಗಿಸುವವನೊಬ್ಬ ಹುಲ್ಲುಬಯಲಿನ ಆಚೆ ಇದ್ದಾನೆ ಎಂದು ಯಾರೋ ಹೇಳಿದರು. ವ್ಯಾಪಾರಿ ನಾಯಿಯನ್ನು ಬಂಡಿಯಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದ.

ಅಲ್ಲಿ ಬೇರೆ ಮನೆಯಿರಲಿಲ್ಲ. ಅಂಗಳದ ತುಂಬ ನಾಯಿಗಳಿದ್ದವು. ಬಂಡಿ ಬಂದು ನಿಂತರೂ ಒಂದೂ ಬೊಗಳಲಿಲ್ಲ. ಎಲ್ಲವೂ ತಲೆಯೆತ್ತಿ ವ್ಯಾಪಾರಿಯನ್ನು ನೋಡಿ, ನೋಡುತ್ತಲೇ ಇದ್ದವು.

“ಏನಯ್ಯ, ನಿನ್ನ ನಾಯಿಗಳಿಗೆ ನಾಲಿಗೆ ಇಲ್ಲವೇ?” ಎಂದು ವ್ಯಾಪಾರಿ ನಕ್ಕ.

“ಇದೆ ಸಾಹುಕಾರ್ರೆ. ಕೆಲಸದ ಹೊತ್ತಲ್ಲಿ ಮಾತಾಡಲ್ಲ” ಎಂದ ಪಳಗಿಸುವವನು.

“ನನ್ನ ನಾಯಿಗೆ ಹಕ್ಕಿ ಹಿಡಿಯುವುದನ್ನು ಕಲಿಸು.”

“ಹಿಡಿಯೋದನ್ನ ಯಾವ ನಾಯಿಗೂ ಕಲಿಸಬೇಕಿಲ್ಲ. ನಿಲ್ಲೋದನ್ನ ಕಲಿಸ್ತೀನಿ. ಅಡಗಿ ಕೂತ ಜೀವದ ಮುಂದೆ ಮುಂಗಾಲೆತ್ತಿ ನಿಲ್ಲಬೇಕು. ಅದು ತಾನಾಗಿ ಏಳೋ ತನಕ ಅಲ್ಲಾಡಬಾರದು. ಎದ್ದ ಮೇಲೆ ಕೂತುಬಿಡಬೇಕು. ಅಷ್ಟೇ ನನ್ನ ವಿದ್ಯೆ.”

ಅವನ ಪದ್ಧತಿ ಹೀಗಿತ್ತು. ಜೀವಂತ ಹಕ್ಕಿಯನ್ನು ಬುಟ್ಟಿಯಲ್ಲಿ ಮುಚ್ಚಿ, ಬುಟ್ಟಿಯ ಮೇಲೆ ಯಜಮಾನನ ಬಟ್ಟೆ ಹೊದಿಸುತ್ತಿದ್ದ. ದೂರವಿದ್ದರೂ ನಾಯಿ ಯಜಮಾನನ ವಾಸನೆಯನ್ನು ಮರೆಯದಿರಲಿ ಎಂದು. ನಾಯಿ ಬುಟ್ಟಿಯ ಮುಂದೆ ನಿಂತು ಕಲಿಯಬೇಕು. ಕಲಿತು ಮುಗಿಯುವವರೆಗೆ ಯಜಮಾನ ಅತ್ತ ಸುಳಿಯಬಾರದು.

“ದಿನಾ ಹೊದೆಯೋ ಬಟ್ಟೆ ಒಂದು ಕೊಟ್ಟು ಹೋಗಿ” ಎಂದ ಅವನು. “ಅಂಜಿಕೆಯಲ್ಲಿ ಬೆವೆತ ಬಟ್ಟೆ ಮಾತ್ರ ಬೇಡ.”

“ನನಗೆ ಎಂಥ ಅಂಜಿಕೆಯಯ್ಯ?” ಎಂದು ವ್ಯಾಪಾರಿ ಮತ್ತೆ ನಕ್ಕ. ಹೆಗಲ ಮೇಲಿದ್ದ ಶಲ್ಯವನ್ನು ತೆಗೆಯಲು ಕೈ ಎತ್ತಿದವನು ತಡೆದುಕೊಂಡ. ಬಂಡಿಗೆ ಹೋಗಿ ಹಾಸಿನ ಕೆಳಗಿದ್ದ ಹಳೆಯ ಶಲ್ಯವನ್ನು ಎಳೆದು ತಂದು ಕೊಟ್ಟ. ಅದು ಕಣ್ಣಿಂದ ದೂರವಾದರೆ ಸಾಕಾಗಿತ್ತು ಅವನಿಗೆ.

ಪಳಗಿಸುವವನು ಅದನ್ನು ಮೂಗಿನ ಹತ್ತಿರ ಒಯ್ದು ಮೂಸಿ, ಮಡಿಸಿ ಇಟ್ಟುಕೊಂಡ.

ಮಳೆ ಹೋಗಿ ಚಳಿ ಬಂದ ಮೇಲೆ ನಾಯಿ ಮನೆಗೆ ಬಂತು. ಅದರ ಜೊತೆಗೆ ಮಡಿಸಿದ ಶಲ್ಯವೂ ಬಂತು. ವ್ಯಾಪಾರಿಯ ಹೆಂಡತಿ ಅದನ್ನು ಬಿಚ್ಚಿ ನೋಡಿ, ಮತ್ತೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ಬಯಲಿನಲ್ಲಿ ನಾಯಿ ಕಲಿತದ್ದನ್ನು ತೋರಿಸಿತು. ಹಕ್ಕಿ ಕೂತ ಪೊದೆಯ ಮುಂದೆ ಒಂದು ಮುಂಗಾಲು ಎತ್ತಿ, ಬಾಲ ನಿಗುರಿಸಿ, ಕಲ್ಲಿನಂತೆ ನಿಂತಿತು. ಹಕ್ಕಿ ಎದ್ದಿತು, ನಾಯಿ ಕೂತಿತು. ವ್ಯಾಪಾರಿಗೆ ಬಹಳ ಹಿಗ್ಗಾಯಿತು. ಮರುದಿನ ಸ್ನೇಹಿತರನ್ನು ಕರೆದು ಪಡಸಾಲೆಯಲ್ಲಿ ಕೂರಿಸಿ ನಾಯಿಯ ವಿದ್ಯೆಯನ್ನು ಬಣ್ಣಿಸಿದ. ಎಲ್ಲರೂ ನಕ್ಕರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ.

ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದಿತು. ಜನರ ನಡುವೆ ನಡೆದು ಬಂದು ಅವನ ಮುಂದೆ ನಿಂತಿತು. ಮುಂಗಾಲು ಮೇಲೆದ್ದಿತು. ಬಾಲ ನಿಗುರಿತು. ಕಣ್ಣು ಅವನ ಮೇಲೆ ನಟ್ಟಿತು.

“ನೋಡೋ, ನಾಯಿಗೆ ನೀನೇ ಗೌಜುಗನ ಹಾಗೆ ಕಂಡೆ. ಹೊಟ್ಟೆ ಬೆಳೆಸು ಇನ್ನಷ್ಟು” ಎಂದ ಒಬ್ಬ ಸ್ನೇಹಿತ.

ವ್ಯಾಪಾರಿ ನಗುತ್ತ ಜಾಗ ಬದಲಿಸಿದ. ನಾಯಿಯೂ ತಿರುಗಿ ನಿಂತಿತು. ಅವನು ಗದರಿದ. ಅದು ಕದಲಲಿಲ್ಲ. ಗುರುಗುಟ್ಟಲಿಲ್ಲ, ಹಲ್ಲು ತೋರಿಸಲಿಲ್ಲ. ಬಾಲ ಆಡಿಸಲೂ ಇಲ್ಲ. ಸ್ನೇಹಿತರ ನಗು ಒಂದೊಂದಾಗಿ ನಿಂತಿತು. ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ಅಂದಿನಿಂದ ಅವನು ಊಟಕ್ಕೆ ಕೂತರೆ ನಾಯಿ ಎದುರು ನಿಲ್ಲುತ್ತಿತ್ತು. ಬಾಗಿಲು ಹಾಕಿಕೊಂಡರೆ ಬಾಗಿಲಿನ ಆಚೆ ನಿಲ್ಲುತ್ತಿತ್ತು. ಬಾಗಿಲಡಿಯ ಸಂದಿಯಲ್ಲಿ ಅದರ ನಾಲ್ಕು ಕಾಲುಗಳ ಜಾಗದಲ್ಲಿ ಮೂರರ ನೆರಳು ಮಾತ್ರ ಕಾಣುತ್ತಿತ್ತು. ಹಗ್ಗ ಹಾಕಿ ಹಿತ್ತಲಲ್ಲಿ ಕಟ್ಟಿದರೆ ಅವನು ಯಾವ ಕೋಣೆಯಲ್ಲಿದ್ದಾನೋ ಆ ಕೋಣೆಯ ಗೋಡೆಗೆ ಮುಖ ಮಾಡಿ ನಿಲ್ಲುತ್ತಿತ್ತು. ಒಮ್ಮೆ ಅವನು ಉಗ್ರಾಣಕ್ಕೆ ಹೋಗಿ ಹತ್ತಿಯ ಮೂಟೆಗಳ, ಆ ದೊಡ್ಡ ಅಂಡಿಗೆಗಳ, ನಡುವೆ ಕೂತ. ಸದ್ದಿಲ್ಲದೆ ಹೊತ್ತು ಹೋಯಿತು. ಅಂಡಿಗೆಯ ಅಂಚಿನಿಂದ ಇಣುಕಿದಾಗ, ಬಾಗಿಲಾಚೆ ನಡು ಹಗಲಿನ ಬಿಸಿಲಲ್ಲಿ, ಕಡಿದ ಹಗ್ಗ ಕೊರಳಲ್ಲೇ ಇದ್ದ ನಾಯಿ ಕಾಲೆತ್ತಿ ನಿಂತಿತ್ತು.

ಅವನ ಹೆಂಡತಿ ಎಲ್ಲವನ್ನೂ ನೋಡುತ್ತಿದ್ದಳು. ಒಂದು ದಿನ ಬಡಿಸುತ್ತ ಕೇಳಿದಳು: “ನಿಮ್ಮೊಳಗೂ ಒಂದು ಹಕ್ಕಿ ಕೂತಿದೆಯೇನ್ರಿ?”

ಅವನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. “ನಾಯಿ ಕೆಟ್ಟಿದೆ” ಎಂದು ಎದ್ದ.

ಅವನು ನಾಯಿಯನ್ನು ಪಳಗಿಸುವವನ ಅಂಗಳಕ್ಕೆ ಒಯ್ದ. “ಏನು ಕಲಿಸಿದ್ದೀಯೋ ಇದಕ್ಕೆ? ಮನುಷ್ಯರ ಮುಂದೆ ನಿಲ್ಲುತ್ತದೆ” ಎಂದ.

ಪಳಗಿಸುವವನು ನಾಯಿಯನ್ನು ಬಿಟ್ಟ. ಅದು ಅವನ ಬಳಿ ಬಂದು ಕೈ ನೆಕ್ಕಿತು. ಬಂಡಿ ಹೊಡೆಯುವವನನ್ನು ಮೂಸಿ ಮುಂದೆ ಹೋಯಿತು. ವ್ಯಾಪಾರಿಯ ಮುಂದೆ ಬಂದಾಗ ಮಾತ್ರ ಕಾಲೆತ್ತಿ ನಿಂತಿತು. ಅಂಗಳದ ಉಳಿದ ನಾಯಿಗಳೂ ಎದ್ದವು. ಅವೂ ಅವನತ್ತ ತಿರುಗಿ ಒಂದೊಂದು ಕಾಲೆತ್ತಿದವು. ಒಂದೂ ಬೊಗಳಲಿಲ್ಲ.

“ದಿನಾ ಹೊದೆಯೋ ಬಟ್ಟೆ ಕೇಳಿದ್ದೆ ಸಾಹುಕಾರ್ರೆ” ಎಂದ ಪಳಗಿಸುವವನು. “ನೀವು ಕೊಟ್ಟದ್ದು ಅದಲ್ಲ. ಬುಟ್ಟಿಯೊಳಗಿನ ಹಕ್ಕಿಯದೂ ಬುಟ್ಟಿ ಮೇಲಿನ ಶಲ್ಯದ್ದೂ ನಾಯಿಗೆ ಒಂದೇ ವಾಸನೆ ಬಂತು. ಅದರ ತಪ್ಪೇನು?”

“ಕೊಡುವಾಗಲೇ ಹೇಳಬಾರದಿತ್ತೇ?”

“ಅಂಜಿಕೆ ಇಲ್ಲ ಅಂದ್ರಿ. ಅಂದವರನ್ನ ಹೇಗೆ ಅಲ್ಲ ಅನ್ನಲಿ?”

ವ್ಯಾಪಾರಿ ಮೆಲ್ಲಗೆ ಹೇಳಿದ: “ಕಲಿಸಿದ್ದನ್ನು ಬಿಡಿಸು.”

“ಅದು ನನಗೆ ಬರಲ್ಲ. ಅಡಗಿದ್ದು ಎದ್ದರೆ ನಾಯಿ ತಾನೇ ಕೂರತ್ತೆ.”

“ಎದ್ದರೆ ಕೋವಿ ಇರುತ್ತದಲ್ಲ?”

“ಕೋವಿ ಯಾರ ಕೈಲಿದೆ ಅಂತ ನಾಯಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಎದ್ದ ಹಕ್ಕಿಗೆ ಏಟು ಬಿದ್ದದ್ದೂ ಇದೆ, ಹಾರಿ ಹೋದದ್ದೂ ಇದೆ. ಆದರೆ ನಿಮ್ಮ ಶಲ್ಯದ ಕೆಳಗಿದ್ದ ಹಕ್ಕಿ ಒಂದಿತ್ತು. ಬುಟ್ಟಿ ತೆಗೆದೆ, ಅದು ಏಳಲಿಲ್ಲ. ನಾಯಿ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ಕೂತ ಹಾಗೇ ಸತ್ತಿತ್ತು. ಮೈಮೇಲೆ ಒಂದು ಗಾಯ ಇರಲಿಲ್ಲ.”

ವ್ಯಾಪಾರಿ ನಾಯಿಯನ್ನು ಬಂಡಿಗೆ ಹತ್ತಿಸಿಕೊಂಡು ಹಿಂದಿರುಗಿದ. ದಾರಿಯುದ್ದಕ್ಕೂ ಅದು ಅಲುಗುವ ಬಂಡಿಯಲ್ಲಿ ಮೂರು ಕಾಲಿನ ಮೇಲೆ ಅವನೆದುರು ನಿಂತೇ ಬಂತು.

ಅವನು ಮನೆಗೆ ಬಂದಾಗ ಹೆಂಡತಿ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಅವನು ಗೋಡೆಗೆ ಒರಗಿ ಕೂತ. ನಾಯಿ ಬಂದು ನಿಂತಿತು. ಅವನು ನಗಲು ನೋಡಿದ, ನಗು ಬರಲಿಲ್ಲ.

“ಇಲ್ಲಿ ನೋವಿದೆ” ಎಂದು ಪಕ್ಕೆ ಮುಟ್ಟಿ ತೋರಿಸಿದ. “ವೈದ್ಯರು ನಿನ್ನನ್ನು ಕರೆದುಕೊಂಡು ಬಾ ಅಂದಿದ್ದರು. ನಾನು ಹೇಳಲಿಲ್ಲ. ನನಗೆ ಹೆದರಿಕೆಯಾಗುತ್ತದೆ.”

ನಾಯಿ ಎತ್ತಿದ ಕಾಲನ್ನು ನೆಲಕ್ಕೆ ಇಟ್ಟಿತು. ಸುತ್ತಿ ಬಂದು ಅವನ ತೊಡೆಗೆ ಮೈ ತಾಗಿಸಿ ಮಲಗಿ, ನಿದ್ದೆ ಹೋಯಿತು. ಅದು ಮಲಗಿದ್ದನ್ನು ಅವನು ನೋಡಿ ಬಹಳ ಕಾಲವಾಗಿತ್ತು.

ಹೆಂಡತಿ ಪೆಟ್ಟಿಗೆ ತೆರೆದು ಆ ಶಲ್ಯವನ್ನು ತಂದು ಅವನ ಹೆಗಲಿಗೆ ಹೊದಿಸಿದಳು. ಅದನ್ನು ಅವಳು ಒಗೆದು ಇಟ್ಟಿದ್ದಳು.

“ಇದಿಲ್ಲದೆ ಬರಿ ಹೆಗಲಲ್ಲಿ ಬಂದಿರಲ್ಲ, ಅವತ್ತೇ ತಿಳೀತು” ಎಂದಳು. “ಏನು ಅಂತ ತಿಳೀಲಿಲ್ಲ. ಏನೋ ಇದೆ ಅಂತ ತಿಳೀತು. ನೀವಾಗೇ ಹೇಳ್ಲಿ ಅಂತ ಕಾದೆ.”

“ನೀನೂ ಕಾದೆಯಾ?”

“ನಾಯಿ ನಿಂತಿದ್ದು ಮಾತ್ರ ನಿಮಗೆ ಕಾಣ್ತು. ಬೆಳಿಗ್ಗೆ ಬಂಡಿ ಕಟ್ಟಿಸಿ, ನಾನೂ ಬರ್ತೀನಿ.”

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಗುರುಪಾದ ಕಾದ. ಕತೆ ಮುಂದೆ ಹೋಗಲಿಲ್ಲ.

“ಆ ವ್ಯಾಪಾರಿ ಬದುಕಿದನೇ ಬುದ್ಧಿ?” ಎಂದು ಕೇಳಿದ.

“ಬೆಳಿಗ್ಗೆ ಬಂಡಿ ಹೊರಟಿತು. ನಾಯಿ ಅದರ ಮುಂದೆ ಓಡುತ್ತಿತ್ತು. ಅಲ್ಲಿಯವರೆಗೆ ನನಗೆ ಗೊತ್ತು” ಎಂದರು ಗುರುಗಳು.

ಗುರುಪಾದ ಜೋರಾಗಿ ನಕ್ಕ. ಹೂವಿನ ಗಿಡಕ್ಕೆ ನೀರು ಹಾಕುವುದು ಬಾಕಿ ಇದೆ ಎಂದ. ವಿಭೂತಿ ಕೊಟ್ಟರೆ ಹೋಗುತ್ತೇನೆ ಎಂದು ಕೂತಲ್ಲಿಂದಲೇ ಕೈ ಒಡ್ಡಿದ.

ಗುರುಗಳು ತಟ್ಟೆಯಿಂದ ವಿಭೂತಿ ತೆಗೆದುಕೊಂಡು ಎದ್ದು ಬಂದರು. ಬಂದು ಅವನ ಮುಂದೆ ನಿಂತರು. ಕೊಡಲಿಲ್ಲ. ಮಾತಾಡಲಿಲ್ಲ. ಅವರ ರೆಪ್ಪೆಯೂ ಅಲುಗಲಿಲ್ಲ. ಗುರುಪಾದ ಕಣ್ಣು ಮುಚ್ಚಿದ. ಜಪದಲ್ಲಿ ದಿನವೂ ಬಂದು ನಿಲ್ಲುವವರು ಅಲ್ಲಿಯೇ, ಅದೇ ಜಾಗದಲ್ಲಿ, ಅಷ್ಟೇ ದೂರದಲ್ಲಿ ನಿಂತಿದ್ದರು. ಅವನು ಕಣ್ಣು ತೆರೆದ. ಈ ಸಲ ಅಲ್ಲಿ ಗುರುಗಳಿದ್ದರು.

“ಎಷ್ಟು ದಿನವಾದರೂ ನಿಂತಿರುತ್ತೇನೆ ಮಗು, ದೀಕ್ಷೆ ಬೇಡವೆನ್ನುವುದಾದರೂ ಸರಿ, ನೀನು ಏಳು.”

ಗುರುಪಾದನ ಕೈ ಒಡ್ಡಿದಂತೆಯೇ ಉಳಿಯಿತು. ಅವನು ನಗಲಿಲ್ಲ, ಕೆಲಸದ ನೆಪ ಹೇಳಿ ಹೋಗಲೂ ಇಲ್ಲ.

ಈ ಕತೆಗೆ ಕಿವಿಗೊಟ್ಟ ಎಲ್ಲರ ಎದೆಯಲ್ಲಿ ಅಡಗಿ ಕೂತದ್ದು ಅಂಜದೆ ಮೇಲೇಳಲಿ. ಎದ್ದದ್ದಕ್ಕೆ ಪರಶಿವನು ತನ್ನ ಆಕಾಶವನ್ನು ಕೊಡಲಿ. ನಿಮ್ಮೆದುರು ಕಾದು ನಿಂತವರನ್ನು ನೀವು ಗುರುತಿಸುವಂತಾಗಲಿ. ನಿಮಗೂ ನಿಮ್ಮ ಮನೆಯವರಿಗೂ ನಿಮ್ಮ ಬಾಗಿಲಲ್ಲಿ ಮಲಗುವ ಮೂಕ ಜೀವಕ್ಕೂ ಮಂಗಳವಾಗಲಿ.